ಹಿಂದಿನ ಸಾಲಿನ ದನಿ

ಶನಿವಾರ, ಬೆಳಗ್ಗೆ

ಮುದ್ದಿನ ಮಗಳೇ,

ಗೆದ್ದೆವು ಕಣೇ! ಮೊದಲು ಅದನ್ನೇ ಬರೆದುಬಿಟ್ಟೆ, ಇಲ್ಲದಿದ್ದರೆ ನೀನು ಕೊನೆಯ ಪುಟಕ್ಕೇ ಹಾರುತ್ತೀಯ. ಗಂಟಲ ಆಪರೇಷನ್ ಆದವಳು, ಖುಷಿಯಲ್ಲಿ ಕಿರುಚಿ ಚಿಕ್ಕಮ್ಮನ ಜೀವ ತೆಗೆಯಬೇಡ. ಫೋನು ಮಾಡಿದರೆ ನೀನು ಸುಮ್ಮನೆ ಕೇಳಿಸಿಕೊಳ್ಳುವ ಪೈಕಿಯೇ? ಅದಕ್ಕೇ ಈ ಕಾಗದ.

ಕಲ್ಲಿದ್ದಲ ಸ್ಥಾವರಕ್ಕೆ ಎರಡನೇ ಚಿಮಣಿ ಬೇಡ ಎಂದು ಹೇಳಲು ನಿನ್ನೆ ನಗರಸಭೆಯ ಮುಂದೆ ಬೀದಿ ತುಂಬ ಜನ. ನಾನು ಬರೀ ನೋಡಲು ಹೋದವಳು. ಡ್ಯೂಟಿ ಮುಗಿಸಿ ನೇರ ಬಂದಿದ್ದೆ, ಟಿಕೆಟ್ ಚೀಲ ಹೆಗಲಲ್ಲೇ ಇತ್ತು. ನಿನ್ನ ಗುಂಗುರು ಕೂದಲಿನ ಗೆಳತಿ ಗಿಟಾರು ಹಿಡಿದು ನೀನು ಕಟ್ಟಿದ ಹಾಡು ಎತ್ತಿದಳು, ನಿನ್ನದೇ ಶ್ರುತಿಯಲ್ಲಿ. ಮುನಿಸಿಕೊಳ್ಳಬೇಡ, ಆ ಎತ್ತರ ನಿನಗೆ ಸರಿ, ಊರಿಗೆಲ್ಲ ಅಲ್ಲ. ಎರಡನೇ ಸಾಲಿಗೆ ಅರ್ಧ ಜನರ ಗಂಟಲು ಒಡೆಯಿತು, ಮೂರನೆಯದಕ್ಕೆ ಎಲ್ಲರೂ ತೆಪ್ಪಗಾದರು. ಆಮೇಲೆ ಚಪ್ಪಾಳೆ ತಟ್ಟಿದರು! ಸಂಗೀತ ಕೇಳಲು ಬಂದಿದ್ದರೇ? ಒಳಗೆ ಮತ ಹಾಕಲು ಸೇರಿದ್ದ ಸದಸ್ಯರಲ್ಲಿ ಒಬ್ಬ ಮೇಲಿನ ಕಿಟಕಿಯಲ್ಲಿ ನಗುತ್ತಾ ಪರದೆ ಎಳೆದ. ನನಗೆ ಮೈಯೆಲ್ಲ ಉರಿಯಿತು.

ಆಗ ಹಿಂದಿನ ಸಾಲಿನಿಂದ ಯಾರೋ 'ಉಸಿರು ನಮ್ಮದು, ಊರು ನಮ್ಮದು, ಹೊಗೆ ಯಾರದು ಹೇಳಿ' ಎಂದು ಪಲ್ಲವಿಯನ್ನೇ ಶ್ರುತಿ ತಗ್ಗಿಸಿ ಹಿಡಿದರು. ಒರಟು ದನಿ, ಆದರೆ ಎಲ್ಲರಿಗೂ ಎಟುಕಿತು. ಅಕ್ಕಪಕ್ಕದವರು ಸೇರಿಕೊಂಡರು, ಅವರ ಮುಂದಿನವರೂ. ಯಾರು ಎಂದು ನನ್ನನ್ನು ಕೇಳಬೇಡ, ಆ ಗದ್ದಲದಲ್ಲಿ ಎಲ್ಲಿ ನೋಡಲಿ!

ಪಲ್ಲವಿಯೇನೋ ಬಂತು, ಚರಣ ಯಾರಿಗೆ ಗೊತ್ತು? ಅಚ್ಚು ಹಾಕಿಸಿದ ಹಾಡಿನ ಹಾಳೆಗಳು ಮುಂದಿನವರಿಗೇ ಮುಗಿದುಹೋಗಿದ್ದವು. ನಿನ್ನ ಅಭ್ಯಾಸ ಕೇಳಿ ಕೇಳಿ ನನಗೆ ಬಾಯಿಪಾಠವಲ್ಲವೇ, ತಡೆಯಲಾಗದೆ ಮೆಟ್ಟಿಲು ಹತ್ತಿದೆ. ಬಸ್ಸಿನಲ್ಲಿ ಮುಂದಿನ ಸ್ಟಾಪು ಕೂಗುವ ಹಾಗೆ ಪ್ರತಿ ಸಾಲನ್ನೂ ಮೊದಲೇ ಕೂಗಿ ಕೊಟ್ಟೆ, ಜನ ಎತ್ತಿಕೊಂಡು ಹಾಡಿದರು. ಅಭ್ಯಾಸಬಲ ನೋಡು, ನಡುವೆ ಒಮ್ಮೆ ಒಳಗೆ ಹೋಗ್ರೀ, ಬಾಗಿಲಲ್ಲಿ ನಿಲ್ಲಬೇಡಿ ಎಂದೂ ಕೂಗಿಬಿಟ್ಟೆ. ಅದನ್ನೂ ರಾಗವಾಗಿ ಹಾಡಿದರು ಕಣೇ! ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಒಳಗೆ ಸದಸ್ಯರಿಗೆ ಅವರ ಮಾತು ಅವರಿಗೇ ಕೇಳಿಸಲಿಲ್ಲವಂತೆ. ಅತ್ತ ಇತ್ತ ಓಲಾಡುತ್ತಿದ್ದವರೆಲ್ಲ ನಮ್ಮ ಕಡೆ ಕೈ ಎತ್ತಿದರಂತೆ. ಕೊನೆಗೆ ಪರದೆ ಎಳೆದವನೇ ಕಿಟಕಿ ತೆರೆದು, ಚಿಮಣಿ ಪ್ರಸ್ತಾವ ಬಿದ್ದುಹೋಯಿತು, ಇನ್ನಾದರೂ ನಮ್ಮ ಕಿವಿ ಉಳಿಸಿ ತಾಯಂದಿರಾ ಎಂದ. ನಾವು ಇನ್ನೊಂದು ಸಲ ಹಾಡಿಯೇ ಬಿಟ್ಟೆವು.

ನಿಮ್ಮಪ್ಪನ ವಿಷಯ ಏನು ಬರೆಯಲಿ? ಹೊಸ ಚಿಮಣಿ ಬಂದಿದ್ದರೆ ಸ್ಥಾವರದ ಬಾಯ್ಲರಿನ ಕೆಲಸ ಬಿಟ್ಟು ಫೋರ್‌ಮನ್ ಆಗುತ್ತಿದ್ದರು. ನಿನ್ನ ಜೊತೆ ಮಾತು ಬಿಟ್ಟಿದ್ದೂ ಅದಕ್ಕೇ. ನಿನ್ನೆ ತಡವಾಗಿ ಬಂದು, ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ ಮಲಗಿದರು. ಕೇಳಿದರೆ ಧೂಳು ಎಂದರು.

ಮಾತ್ರೆ ನುಂಗು, ಬಾಯಿ ಮುಚ್ಚಿಕೊಂಡಿರು.

ಇಂತಿ,
ಗಂಟಲು ಕಟ್ಟಿದ ನಿನ್ನ ಕಂಡಕ್ಟರ್ ಅಮ್ಮ

ಮಡಿಸುವ ಮುನ್ನ: ಹಿಂದಿನ ಸಾಲಿನಿಂದ ಯಾರೋ ಎಂದು ಬರೆದದ್ದು ಸುಳ್ಳು. ಹೇಳಕೂಡದು ಎಂದು ನಿಮ್ಮಪ್ಪ ಆಣೆ ಹಾಕಿಸಿದ್ದರು. ನೀನು ಹಾಡಲು ಕುಳಿತರೆ ಟಿವಿ ಜೋರು ಮಾಡುತ್ತಿದ್ದ ಮನುಷ್ಯನಿಗೆ ಒಂದು ಚರಣವೂ ತಪ್ಪಲಿಲ್ಲ! ಈಗ ಕಾಗದ ಇಣುಕಿ ನೋಡಿ, ಹೋಗಲಿ ಬರೆದುಬಿಡು ಎಂದರು. ಜೊತೆಗೆ ಇದನ್ನೂ ಸೇರಿಸಲು ಹೇಳಿದ್ದಾರೆ: ಮುಂದಿನ ಹಾಡು ಕಟ್ಟಿದಾಗ ಮೊದಲು ಅಪ್ಪನ ಗಂಟಲಿಗೆ ಎಟುಕುತ್ತದೆಯೇ ನೋಡಿಕೊಳ್ಳಬೇಕಂತೆ.