ಗಾಳ ಹಿಡಿದು ಕೂರಲಾರದ ವರ

ಅಂಕಲಿ
ತಾ. ೧೪-೫-೧೯೯೧

ಪ್ರೀತಿಯ ಮಗ ತಾತ್ಯಾಸಾಹೇಬನಿಗೆ ನಿನ್ನ ಅವ್ವನ ಆಶೀರ್ವಾದ.

ಜೋಧಪುರದ ಬಿಸಿಲಲ್ಲಿ ನಿನ್ನ ಮೈ ಹೇಗಿದೆಯಪ್ಪಾ? ಮೂಗಿನಿಂದ ರಕ್ತ ಬಂತೆಂದು ಹೋದ ಕಾಗದದಲ್ಲಿ ನೀನು ಬರೆದಿದ್ದೆ. ಜೇಬಿನಲ್ಲಿ ಒಂದು ಉಳ್ಳಾಗಡ್ಡಿ ಇಟ್ಟುಕೊಂಡು ತಿರುಗು, ಪಲ್ಟನ್ನಿನವರು ನಕ್ಕರೆ ನಗಲಿ. ನಿನ್ನ ಹೆಂಡತಿ ಗಂಗೂಬಾಯಿ ಆರಾಮ ಇದ್ದಾಳೆ. ನನ್ನ ಮೊಣಕಾಲು ನನ್ನನ್ನು ಬೈಯುತ್ತ, ನಾನು ಅದನ್ನು ಬೈಯುತ್ತ ಹೇಗೋ ನಡೆದಿದೆ. ನಿನ್ನ ಮಗಳು ಸುಗಂಧಾಳ ಸುದ್ದಿ ಕೆಳಗೆ ಬರುತ್ತದೆ. ಜೀವಕ್ಕೇನೂ ಆಗಿಲ್ಲ, ಮೊದಲೇ ಗಾಬರಿಯಾಗಬೇಡ.

ಸುಗಂಧಾಳಿಗೆ ಬಂದ ಶಿರಗುಪ್ಪಿಯ ಸಂಬಂಧಕ್ಕೆ ಒಪ್ಪಿಗೆಯ ಕಾಗದ ಹಾಕಲೇ ಎಂದು ಕೇಳಿದ್ದೀಯಲ್ಲ, ಅದಕ್ಕೇ ಬರೆಯಲು ಕೂತೆ. ಅಳಿಯನಾಗುವವನ ಕೈಗೆ ಗಾಳ ಕೊಟ್ಟು ಹೊಳೆಯ ದಂಡೆಗೆ ಕೂರಿಸಿ ನೋಡುವುದು ನಮ್ಮ ಮನೆಯ ಪದ್ಧತಿ, ನಿನಗೆ ಗೊತ್ತೇ ಇದೆ. ಮೀನು ಸಿಗಬೇಕೆಂದೇನಿಲ್ಲ, ಕೂರಬೇಕು ಅಷ್ಟೇ. ನಿನ್ನ ತಂಗಿಯ ಗಂಡ ದಿನವಿಡೀ ಕೂತು ಒಂದು ಏಡಿ ಹಿಡಿದಿದ್ದ, ಅದೂ ಅವನ ಬೆರಳನ್ನೇ ಹಿಡಿದಿತ್ತು. ಆದರೂ ನಗುನಗುತ್ತಾ ಹುಡುಗಿಯನ್ನು ಕೊಟ್ಟೆವು. ಈ ಸಲ ನಿನ್ನ ತಮ್ಮ ಭೂಪಾಲನಿಗೆ ಹೊಸ ಹುಕಿ. ಹೊಳೆದಂಡೆಯಲ್ಲಿ ಹೊಸದಾಗಿ ಗಾರ್ಡನ್ ಮಾಡಿದ್ದಾರಲ್ಲ, ಅಲ್ಲಿ ತಂಬು ಹೊಡೆದು ಶನಿವಾರ ರವಿವಾರ ಎರಡೂ ಮನೆಯವರು ಕೂಡಿ ಇರೋಣ ಎಂದ. ನಾನೂ ಹೂಂ ಎಂದೆ. ಮಸಾಲೆ ಅರೆದುಕೊಂಡು, ರೊಟ್ಟಿ ಕಟ್ಟಿಕೊಂಡು ಹೋದೆವು.

ಹುಡುಗ ಉತ್ತಮ ಜೀಪಿನಲ್ಲಿ ತಾಯಿ ಕಮಲಾಬಾಯಿಯನ್ನು ಕೂರಿಸಿಕೊಂಡು ಬಂದ. ನೋಡಲು ಲಕ್ಷಣವಾಗಿದ್ದಾನೆ, ಸುಳ್ಳು ಯಾಕೆ ಹೇಳಲಿ. ಅವರದು ಬಾವಿ ತೋಡುವ ಗುತ್ತಿಗೆ, ಬಂಡೆ ಒಡೆಯುವ ಸುರಂಗದ ಮದ್ದು ಯಾವಾಗಲೂ ಜೀಪಿನಲ್ಲೇ ಇರುತ್ತದೆಯಂತೆ. ಎರೆಹುಳ ಚುಚ್ಚಿ ಗಾಳ ಕೈಗೆ ಕೊಟ್ಟೆವು. ಕೂತ. ಮೀನು ಮುಟ್ಟಲಿಲ್ಲ. ಸುಗಂಧಾ ನನ್ನ ಬೆನ್ನ ಹಿಂದೆ ನಿಂತು, ಅವನಿಗೆ ಕೇಳಲಿ ಎಂದೇ, "ಆಯೀ, ಮೀನಿಗೂ ಇವರನ್ನ ನೋಡಿ ನಾಚಿಕಿ ಬಂದೈತಿ" ಎಂದಳು. ಅವನೂ ನಕ್ಕ. ಆಗ ನನ್ನ ಮನಸ್ಸಿಗೆ ಹಿತವೆನಿಸಿತ್ತು ನೋಡು. ಆಮೇಲೆ ಗಂಗೂಬಾಯಿ, ಸುಗಂಧಾ ಇಬ್ಬರೂ ಸೀರೆ, ಟವೆಲು ತೆಗೆದುಕೊಂಡು ಗಿಡಗಳ ಮರೆಗೆ ಜಳಕಕ್ಕೆ ಹೋದರು.

ಅವರು ಹೋದದ್ದೇ ತಡ, ಇವನು ಗಾಳ ಬಿಸಾಡಿ ಎದ್ದ. "ಎಷ್ಟೊತ್ತಂತ ಹಿಂಗ ಕೊಕ್ಕರಿಯಂಗ ಕೂಡೂದ್ರಿ? ನಮ್ಮ ಕಡೆ ಮೀನ ಹಿಡಿಯೂದಂದ್ರ ಬೀಡಿ ಸೇದೂದ್ರಾಗ ಮುಗೀತೈತಿ" ಎಂದು ಜೀಪಿನತ್ತ ನಡೆದ. ಮದ್ದಿನ ಕಡ್ಡಿ ತಂದು, ಬತ್ತಿ ಹಚ್ಚಿ ಮಡುವಿಗೆ ಎಸೆದ. ನನ್ನ ಕಾಲ ಕೆಳಗಿನ ನೆಲ ನಡುಗಿತು ತಾತ್ಯಾ. ನೀರು ಮೇಲೆದ್ದು ಬಿತ್ತು, ಹಿಂದೆಯೇ ಮೀನು ಹೊಟ್ಟೆ ಮೇಲಾಗಿ ತೇಲತೊಡಗಿದವು. ದೊಡ್ಡವು ಕೆಲವೇ. ಉಳಿದವೆಲ್ಲ ಬೆರಳುದ್ದದ ಮರಿಗಳು, ಹೊಳೆಯ ತುಂಬ ಬೆಳ್ಳಗೆ. ಕಮಲಾಬಾಯಿ, "ನಮ್ಮ ಉತ್ತಮ ಕೈ ಇಟ್ಟಂದ್ರ ಬುಟ್ಟಿ ತುಂಬಾಕ ಬೇಕು ನೋಡ್ರಿ" ಎಂದು ಸೆರಗು ಸರಿಮಾಡಿಕೊಂಡಳು. ಥೂ! ಅವರನ್ನಷ್ಟೇ ಬೈದು ಏನು ಮಾಡಲಿ? ನನ್ನ ಹೊಟ್ಟೆಯಲ್ಲಿ ಹುಟ್ಟಿದ ಭೂಪಾಲನೇ ಧೋತರ ಎತ್ತಿ ಕಟ್ಟಿ, "ಅವ್ವಾ, ಬುಟ್ಟಿ ತಾ ಬೇ, ಲಗೂನ!" ಎನ್ನುತ್ತ ನೀರಿಗಿಳಿದ.

ಅಷ್ಟರಲ್ಲಿ ಗಿಡಗಳ ಕಡೆಯಿಂದ ಗಂಗೂಬಾಯಿ ಚೀರಿದಳು. ಸಿಡಿದ ಹೊತ್ತಿಗೆ ಸುಗಂಧಾ ನೀರಲ್ಲಿ ಮುಳುಗು ಹಾಕಿದ್ದಳಂತೆ. ತಾಯಿ ಅವಳನ್ನು ತಬ್ಬಿಕೊಂಡು ಕರೆತಂದಾಗ ಎಡಗಿವಿಯಿಂದ ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು. "ಅಲ್ಲಿ ಮಂದಿ ಅದಾರಂತ ನನಗೇನ ಗೊತ್ತರಿ?" ಎಂದ ಉತ್ತಮ. ಕೇಳಿದ್ದರೆ ಗೊತ್ತಾಗುತ್ತಿತ್ತು! ಕಮಲಾಬಾಯಿ ಕೂತಲ್ಲಿಂದ ಏಳಲೂ ಇಲ್ಲ. "ನೀರ ಹೊಕ್ಕಿರಬೇಕು, ಒಂಟಿಗಾಲ ಮ್ಯಾಲ ಕುಣೀಲಿ. ಮೊದ್ಲ ಮೀನ ಹಸನ ಮಾಡ್ರಿ, ಬಿಸಲಿಗೆ ಕೆಡ್ತಾವು" ಎಂದಳು.

ಅದೇ ಜೀಪಿನಲ್ಲಿ ಗಂಗೂಬಾಯಿ, ಭೂಪಾಲ ಅವಳನ್ನು ಚಿಕ್ಕೋಡಿಯ ಡಾಕ್ಟರರಿಗೆ ತೋರಿಸಿಕೊಂಡು ಬಂದರು. ಕಿವಿಯ ತಮಟೆ ಹರಿದಿದೆ, ತಾನಾಗಿ ಕೂಡಿಕೊಂಡೀತು, ನೀರು ಸೋಕಬಾರದು, ಮೊದಲಿನಷ್ಟು ಕೇಳುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದಿದ್ದಾರೆ. ಅವರು ಅತ್ತ ಚಿಕ್ಕೋಡಿಗೆ ಹೋದ ಮೇಲೆ ಬೀಗರ ಮರ್ಯಾದೆಗೆಂದು ನಾನು ಈಳಿಗೆಯ ಮುಂದೆ ಕೂತಿದ್ದೆ. ಮೊದಲ ಮೀನು ಸೀಳಿದೆ. ಒಳಗೆ ಪಿತ್ತ ಒಡೆದು ಹಸಿರಾಗಿತ್ತು, ಮೂಳೆ ಪುಡಿಪುಡಿ, ತತ್ತಿಯ ಗೊಂಚಲು ಕರುಳಿನ ಜೊತೆ ಕಲಸಿಹೋಗಿತ್ತು. ಹುಟ್ಟಿದಾಗಿನಿಂದ ಮೀನು ತಿಂದವಳು ನಾನು, ಅಲ್ಲೇ ವಾಂತಿ ಮಾಡಿಕೊಂಡೆ. ಕಮಲಾಬಾಯಿ ತಾನೇ ತೊಳೆದು ಸಾರು ಮಾಡಿ, ಎರಡು ಸಲ ಹಾಕಿಸಿಕೊಂಡು ಉಂಡು, "ಮಸಾಲಿ ಛಲೋ ಅರದೀರಿ" ಎಂದಳು. ಬೆಳಗಾದಾಗ ದಂಡೆಯ ತುಂಬ ಸತ್ತ ಮರಿಗಳು, ನಾಯಿ, ಕಾಗೆ, ನೊಣ. ಗಾರ್ಡನ್ನಿಗೆ ಬಂದ ಮಂದಿ ಮೂಗು ಮುಚ್ಚಿಕೊಂಡು ನಮ್ಮ ತಂಬಿನ ಕಡೆ ಬೆರಳು ಮಾಡುತ್ತಿದ್ದರು. ನನ್ನ ಸೀರೆಯಿಂದ ಆ ವಾಸನೆ ಇನ್ನೂ ಹೋಗಿಲ್ಲ.

ಭೂಪಾಲ ಮಾತ್ರ, "ಅವ್ವಾ, ಒಂದ ತಪ್ಪಿಗೆ ಅಂಥಾ ಮನೀತನ ಬಿಡಬ್ಯಾಡ. ದ್ರಾಕ್ಷಿ ತ್ವಾಟಾ ಐತಿ, ಜೀಪ ಐತಿ" ಎನ್ನುತ್ತಾನೆ. ಗಂಗೂಬಾಯಿ ಬರೀ ಅಳುತ್ತಾಳೆ. ಸುಗಂಧಾಳನ್ನು ಕೇಳಿದರೆ ಬಾಯಿ ಬಿಡಲೊಲ್ಲಳು. ಅವಳ ಮನಸ್ಸು ಹುಡುಗನ ಮೇಲೆ ಹೋಗಿತ್ತು, ಅದು ನನಗೆ ಗೊತ್ತು. ಅದಕ್ಕೇ ನಾನೊಬ್ಬಳೇ ಬೇಡ ಎನ್ನಲು ಅಂಜುತ್ತೇನೆ. ತಂದೆ ನೀನು, ಎಲ್ಲ ತೂಗಿ ನೋಡಿ ಬರೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಜೊತೆಯ ಹುಡುಗರಿಗೂ ಈ ಮುದುಕಿಯ ಆಶೀರ್ವಾದ ಹೇಳು.

ನಿನ್ನ ಅವ್ವ
ಅಕ್ಕುತಾಯಿ

ತಾ. ಕ.: ಒಪ್ಪಿಗೆಯ ಕಾಗದ ಹಾಕಬೇಡ, ಹಾಕಿದ್ದರೆ ಇದು ಸಿಕ್ಕ ದಿನವೇ ತಂತಿ ಕೊಟ್ಟು ಬೇಡವೆನ್ನು. ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಸಂಬಂಧ ತಂದ ಲಗಮಣ್ಣ ಬಂದ. "ಹುಡುಗೀ ಕಿವಿ ಮೊದಲಿಂದನೂ ಹಂಗ ಇತ್ತೇನು, ನಮಗ ಮುಚ್ಚಿಟ್ಟಿದ್ರೇನು" ಎಂದು ಕಮಲಾಬಾಯಿ ಕೇಳಿ ಕಳಿಸಿದ್ದಾಳೆ. ಭೂಪಾಲ ತಲೆ ತಗ್ಗಿಸಿ ಹೊರಗೆ ಎದ್ದುಹೋದ. ನಾನು ಬಾಯಿ ತೆರೆಯುವ ಮೊದಲೇ ಸುಗಂಧಾ ಒಳಗಿನಿಂದ ಬಂದು ನಿಂತಳು. "ಲಗಮಣ್ಣ ಕಾಕಾ, ಬಲಗಿವಿ ಛಲೋ ಕೇಳ್ತೈತಂತ ಹೇಳ್ರಿ. ಆದ್ರ ಅವರ ಮನೀ ಮಾತು ಕೇಳಾಕ ಅದನ್ನೂ ಕೊಡಾಂಗಿಲ್ಲಂತ ಹೇಳ್ರಿ" ಎಂದಳು.