ಚಪ್ಪಟೆಯಾದ ಚುಕ್ಕಿಗಳು

ಮಂಗಳವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ಬಂದು ತಿಂಗಳಾಯಿತು. ತಡವಾಯಿತೆಂದು ಬೈಯಬೇಡ, ದಪ್ಪ ಕಾಗದಕ್ಕೆ ಮೊಳೆ ಒತ್ತಿ ಒತ್ತಿ ಬೆರಳು ಬಾತಿದೆ, ಪೆನ್ನು ಹಿಡಿದರೆ ನೋಯುತ್ತದೆ. ಭಾವನ ಮಂಡಿನೋವು ಹೇಗಿದೆ? ಇಲ್ಲಿ ಇವರು ಆರಾಮ. ಮಗಳು ನನ್ನ ಭುಜಕ್ಕೆ ಬಂದಿದ್ದಾಳೆ.

ಪ್ರಾರ್ಥನೆಯ ಪುಸ್ತಕವನ್ನು ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಚುಕ್ಕಿಗಳಿಗೆ ಇಳಿಸುತ್ತಿರುವುದು ನಿನಗೆ ಗೊತ್ತೇ ಇದೆ. ಜ್ವರದಲ್ಲಿ ಮಗಳ ಕಣ್ಣು ಹೋಗಿ ಎರಡು ವರ್ಷ. ಅವಳಿಗೂ ಅಂಧರ ಶಾಲೆಯ ಮಕ್ಕಳಿಗೂ ಆಗಲಿ ಎಂದು ಹಿಡಿದ ಕೆಲಸ. ಹಿಡಿದಂದಿನಿಂದ ಒಂದಲ್ಲ ಒಂದು ವಿಘ್ನ. ಕಾಗದ ಸಿಗಲಿಲ್ಲ. ಸಿಕ್ಕಮೇಲೆ ನಲ್ಲಿ ಒಡೆದು ಅರವತ್ತು ಹಾಳೆ ತೊಯ್ದವು. ಯಾರಿಗಾಗಿ ಮಾಡುತ್ತಿದ್ದೇನೋ ಅವಳೇ ಕಲಿಯಲು ಒಲ್ಲೆ ಎಂದಳು. ಟೀಚರ್ ಮನೆಗೇ ಬಂದು ಬೆರಳು ಹಿಡಿದು ಹೇಳಿಕೊಟ್ಟರೆ, "ಅದು ಕುರುಡರ ಪುಸ್ತಕ, ನಂಗ್ಯಾಕೆ?" ಎಂದು ಕೈ ಎಳೆದುಕೊಳ್ಳುತ್ತಾಳೆ.

ಈಗ ಹೊಸದೊಂದು. ಬೀರುವಿನಲ್ಲಿಟ್ಟ ಹಾಳೆಗಳ ಚುಕ್ಕಿಗಳನ್ನು ಯಾರೋ ಅಳಿಸುತ್ತಿದ್ದಾರೆ. ಪುಟಕ್ಕೆ ಒಂದೋ ಎರಡೋ ಪದ, ಉಗುರಿನಿಂದ ತಿಕ್ಕಿ ಚಪ್ಪಟೆ.

ಮೊದಲು ಹಾಳೆ ಒಯ್ಯಲು ಬರುವ ಬೈಂಡರ್ ಮೇಲೆ ಅನುಮಾನಪಟ್ಟೆ. "ನನ್ನ ಕೈಯಿಂದ ಹಾಳಾದ್ರೆ ಇಡೀ ಹಾಳೆ ಹಾಳಾಗುತ್ತೆ ಅಮ್ಮಾ, ನಂದೇನು ಪದ ಆರಿಸೋ ಕೈಯಾ?" ಎಂದ. ಆಮೇಲೆ ಇವರ ಮೇಲೆ. ನನ್ನ ಟಕಟಕ ಸದ್ದು ಇವರಿಗೆ ಎಂದೂ ಹಿಡಿಸಿಲ್ಲ. ಬೀರುವಿನ ಬಾಗಿಲಿಗೆ ಒಂದು ಎಳೆ ದಾರ ಅಂಟಿಸಿದೆ. ಅದನ್ನು ಇವರು ನೋಡಿಬಿಟ್ಟರು. "ಪತ್ತೇದಾರಿಕೆಗೆ ಸೇರ್ಕೊಂಡ್ಬಿಡು ಮಾರಾಯ್ತಿ, ಪುಸ್ತಕಕ್ಕಿಂತ ಬೇಗ ಮುಗಿಯುತ್ತೆ." ಇವರು ಊರಲ್ಲಿಲ್ಲದ, ಬೈಂಡರ್ ಬಾರದ ದಿನವೇ ದಾರ ಕಿತ್ತುಹೋಗಿತ್ತು.

ಗುರುಗಳ ಹತ್ತಿರ ಹೇಳಿಕೊಂಡೆ. "ದೇವರ ಕೆಲಸಕ್ಕೇ ಅಡ್ಡಿ ಜಾಸ್ತಿ ತಾಯಿ. ನಿಮ್ಮ ಗಟ್ಟಿತನ ನೋಡ್ತಾನೆ."

"ಎರಡು ವರ್ಷದಿಂದ ನೋಡ್ತಾನೇ ಇದಾನಲ್ಲ, ಇನ್ನೂ ಸಾಲದಾ?" ಎಂದೆ. ಅವರು ನಕ್ಕರು. ನಾನು ನಗಲಿಲ್ಲ.

ನಿನ್ನೊಬ್ಬಳಿಗೇ ಹೇಳುತ್ತೇನೆ: ಈಗ ಅನುಮಾನ ಆ ದೇವರ ಮೇಲೆಯೇ. ಈ ಕೆಲಸ ಬೇಡವಾದರೆ ಬೇಡ ಎನ್ನಬಹುದಿತ್ತು. ಹೀಗೆ ಕಳ್ಳನಂತೆ ಒಂದೊಂದೇ ಪದ ಕಿತ್ತುಕೊಳ್ಳುವುದೇಕೆ?

ಭಾವನಿಗೆ ನಮಸ್ಕಾರ. ನಿನ್ನ ಮಕ್ಕಳು ನೂರು ಕಾಲ ಚೆನ್ನಾಗಿರಲಿ.

ನಿನ್ನ ತಂಗಿ

ಗುರುವಾರ. ಲಕೋಟೆ ಅಂಟಿಸುವ ಮೊದಲು ಇಷ್ಟು:

ಅಳಿಸಿದ ಪದಗಳನ್ನೆಲ್ಲ ಇಂದು ಪಟ್ಟಿ ಮಾಡಿದೆ. ಬೆಳಕು. ಕಣ್ಣು. ನೋಟ. ಮತ್ತೆ ಬೆಳಕು. ನಲವತ್ತೊಂದು, ಬೇರೆ ಪದ ಒಂದೂ ಇಲ್ಲ. ಆ ಚುಕ್ಕಿಗಳನ್ನು ಓದಲು ಬಾರದವರ ಕೈಲಿ ಆಗುವ ಕೆಲಸವಲ್ಲ ಅದು.

ಹೋಗಿ ಮಗಳ ಪಕ್ಕ ಕೂತೆ. "ಯಾವಾಗ ಕಲಿತೆ?"

"ಟೀಚರ್ ಹೇಳ್ಕೊಡೋವಾಗ್ಲೇ."

"ಮತ್ಯಾಕೆ ಅಳಿಸ್ದೆ?"

"ನೀನು ದಿನಾ ಬೆಳಿಗ್ಗೆ ನನ್ನ ಕಣ್ಣು ಬರ್ಲಿ ಅಂತ ದೇವರನ್ನ ಜೋರಾಗಿ ಕೇಳ್ಕೊಳ್ತಿದ್ದೆ. ಈ ಪುಸ್ತಕ ಶುರು ಮಾಡಿದ್ಮೇಲೆ ಒಂದಿನಾನೂ ಕೇಳಿಲ್ಲ. ಇದು ಮುಗಿದ್ರೆ ಇನ್ನು ಕೇಳೋದೇ ಇಲ್ಲ ಅಲ್ವಾಮ್ಮ?"

ಸುಳ್ಳು ಹೇಳಲಾಗಲಿಲ್ಲ, ಅಕ್ಕ. ಮೊದಲ ಹಾಳೆ ಒತ್ತಿದ ದಿನವೇ ನಾನು ಕೇಳುವುದನ್ನು ಬಿಟ್ಟಿದ್ದೆ.

ಆ ಪದಗಳನ್ನು ಮತ್ತೆ ಒತ್ತಲೇ ಎಂದು ಅವಳನ್ನೇ ಕೇಳಿದೆ. "ಮೊದಲು ದೇವರನ್ನ ಕೇಳು. ಜೋರಾಗಿ," ಎಂದಳು.

ಕೇಳುವ ಬದಲು ಪೆನ್ನು ಎತ್ತಿಕೊಂಡೆ. ಇದನ್ನು ಬರೆಯುತ್ತಿರುವಾಗಲೂ ಅವಳು ಎದುರಿಗೆ ಕಿವಿಗೊಟ್ಟು ಕೂತೇ ಇದ್ದಾಳೆ.