ಮೂರು ಗಂಟೆಯ ನಂತರದ ಹಕ್ಕಿ

ನಿಶಿ ಕಸಾಯಿ, ಟೋಕಿಯೋ
ಗುರುವಾರ, ೨೦ ಮೇ ೨೦೨೧

ಪ್ರಿಯ ಲಿಂಗರಾಜು,

ಅಲ್ಲ ಕಣಯ್ಯ, ಅದು ಗಿಡುಗ ಅಲ್ಲ. ನಿನ್ನೆ ಫೋನಿನಲ್ಲಿ ನೀನು ಕೆಮ್ಮುತ್ತ ಕೆಮ್ಮುತ್ತಲೇ ಬೈದೆಯಲ್ಲ, ಕರೆಂಟ್ ಕಂಬ ನೆಡುವವನಿಗೆ ಕಾಗೆಗೂ ಕೊಕ್ಕರೆಗೂ ವ್ಯತ್ಯಾಸ ಗೊತ್ತಿರಲ್ಲ ಅಂತ. ಒಪ್ಪಿದೆ. ಆದರೆ ಇದರ ರೆಕ್ಕೆ ನಾನು ಎರಡು ಕೈ ಚಾಚಿದರೂ ಸಾಲದು. ಕತ್ತಿನ ಹಿಂದೆ ಹಳೇ ಬಂಗಾರದ ಬಣ್ಣ. ಇಲ್ಲಿಯವರು ಇನುವಾಶಿ ಅನ್ನುತ್ತಾರೆ, ದೊಡ್ಡ ಜಾತಿಯ ಹದ್ದು, ಇಡೀ ಜಪಾನಿನಲ್ಲಿ ಐನೂರರಷ್ಟು ಉಳಿದಿರಬಹುದಂತೆ. ಇಷ್ಟು ಹೇಳುವಷ್ಟರಲ್ಲಿ ಮಗಳು ಶೈಲಜಾ ಮೀಟಿಂಗ್ ಮುಗಿಸಿ ಬಾಗಿಲು ತೆರೆದಳು, ನಾನು ಫೋನ್ ಇಟ್ಟುಬಿಟ್ಟೆ. ಈ ಮನೆಯ ಗೋಡೆ ರಟ್ಟಿನ ಹಾಗೆ, ಫೋನಿನಲ್ಲಿ ಗುಟ್ಟು ಹೇಳಲಾಗುವುದಿಲ್ಲ. ಅದಕ್ಕೇ ಕಾಗದ. ಈಗ ವಿಮಾನದ ಅಂಚೆಗೂ ಗ್ಯಾರಂಟಿ ಇಲ್ಲವಂತೆ. ತಲುಪುವಷ್ಟರಲ್ಲಿ ನಿನ್ನ ಕೆಮ್ಮು ನಿಂತಿರಲಿ. ಆಕ್ಸಿಜನ್ ತೊಂಬತ್ತಾರಕ್ಕಿಂತ ಕೆಳಗೆ ಬಂದರೆ ಮಗನಿಗೆ ಹೇಳು, ಹಠ ಮಾಡಬೇಡ.

ನನ್ನ ವಿಶಾಲಾಕ್ಷಿ ತೀರಿಕೊಂಡ ಮೇಲೆ ಮನಸ್ಸು ಹಗುರಾಗಲಿ ಅಂತ ಮೂರು ತಿಂಗಳಿಗೆ ಮಗಳ ಮನೆಗೆ ಬಂದವನು ನಾನು. ಹದಿನಾರು ತಿಂಗಳಾಯಿತು. ಮೂರು ತಿಂಗಳಿಗೊಮ್ಮೆ ವೀಸಾ ಕಚೇರಿಗೆ ಹೋಗಿ ಕ್ಯೂ ನಿಂತು, ಇನ್ನು ಮೂರು ತಿಂಗಳು ಇರಬಹುದು ಅನ್ನಿಸಿಕೊಂಡು ಬರುತ್ತೇನೆ. ಇಲ್ಲಿ ಮತ್ತೆ ಕೊರೋನಾ ಎಮರ್ಜೆನ್ಸಿ. ಬೆಳಿಗ್ಗೆ ಅರಾಕಾವಾ ನದಿಯ ದಂಡೆ, ಸಂಜೆ ಮತ್ತೆ ಅದೇ ದಂಡೆ. ನದಿಯಾಚೆ ಸಮುದ್ರದ ಕಡೆ ಒಂದೇ ಒಂದು ಗಾಳಿಯಂತ್ರ ನಿಂತಿದೆ. ನಾನು ಎಷ್ಟು ನೋಡಿದರೂ ಅದು ಬೇಗ ತಿರುಗುವುದಿಲ್ಲ. ಕೂತರೆ ಕಾಲು ಅಲ್ಲಾಡುತ್ತದೆ, ಎದ್ದರೆ ಹೋಗುವುದಕ್ಕೆ ಜಾಗ ಇಲ್ಲ.

ವಿಷಯಕ್ಕೆ ಬರುತ್ತೇನೆ. ಶೈಲಜಾಳ ಕಂಪನಿ ಕಾವಾಸಾಕಿಯಲ್ಲಿದೆ. ಯಾರಾದರೂ ಬೆಟ್ಟದ ಮೇಲೆ ಗಾಳಿಯಂತ್ರ ಹಾಕಬೇಕೆಂದರೆ, ಅಲ್ಲಿಯ ಮರ, ನೀರು, ಹಕ್ಕಿ ಎಲ್ಲ ಸಮೀಕ್ಷೆ ಮಾಡಿ ವರದಿ ಕೊಡುವುದು ಇವರ ಕೆಲಸ. ಉತ್ತರದ ಕಡೆ ಸರ್ಕಾರಿ ಕಾಡಿನಲ್ಲಿ ಬೆಟ್ಟದ ಒಂದು ಏಣು, ಅದರ ಮೇಲೆ ಹದಿನಾಲ್ಕು ಯಂತ್ರ ಬರಲಿವೆ. ಹೋದ ಡಿಸೆಂಬರಿನಲ್ಲಿ ಅಲ್ಲಿ ಹಕ್ಕಿ ನೋಡಲು ಆರು ಜನ ಹೋಗಬೇಕಿತ್ತು. ಟೋಕಿಯೋದವರು ಗುಂಪಾಗಿ ಬಂದರೆ ಊರಿನವರಿಗೆ ಭಯ. ಕೊನೆಗೆ ಇವಳೊಬ್ಬಳು, ಜೊತೆಗೆ ಅದೇ ಊರಿನ ಕುದೋ ಸಾನ್ ಅಂತ, ಕಾಡು ಇಲಾಖೆಯಲ್ಲಿ ಮರ ಕಡಿದು ರಿಟೈರ್ ಆದ ಮುದುಕ. ನನ್ನನ್ನು ಮನೆಯಲ್ಲಿ ಒಬ್ಬನೇ ಬಿಡಲು ಮನಸ್ಸಾಗದೆ ಕಾರಿನಲ್ಲಿ ಕೂರಿಸಿಕೊಂಡಳು.

ಕೆಲಸ ಏನು ಗೊತ್ತಾ? ಮಡಚುವ ಕುರ್ಚಿ ಹಾಕಿಕೊಂಡು ಒಂಬತ್ತರಿಂದ ಮೂರರವರೆಗೆ ಆಕಾಶ ನೋಡುವುದು. ದೊಡ್ಡ ಹಕ್ಕಿ ಬಂದರೆ ಅದು ಹಾರಿದ ದಾರಿಯನ್ನು ನಕಾಶೆಯ ಮೇಲೆ ಪೆನ್ಸಿಲ್‌ನಲ್ಲಿ ಎಳೆಯುವುದು. ನಿನಗೆ ಹೇಳಿಮಾಡಿಸಿದ ನೌಕರಿ. ಕುದೋ ಸಾನ್‌ಗೆ ಇಂಗ್ಲಿಷ್ ಬರದು, ನನಗೆ ಜಪಾನಿ ಬರದು. ಎರಡು ದಿನ ಅವನು ಬಿಗ್ ಬರ್ಡ್ ಅನ್ನುತ್ತಿದ್ದ, ನಾನು ವೆರಿ ಗುಡ್ ಅನ್ನುತ್ತಿದ್ದೆ, ಅಷ್ಟರಲ್ಲೇ ಸ್ನೇಹವಾಯಿತು. ಅವನು ಯಂತ್ರಗಳ ವಿರೋಧಿ ಅಂದುಕೊಳ್ಳಬೇಡ. ಅವನ ತಂಗಿಯ ಮನೆ ಅಣುಸ್ಥಾವರ ಕೆಟ್ಟ ಕಡೆ ಇತ್ತು. ಹತ್ತು ವರ್ಷವಾದರೂ ಅವಳಿಗೆ ಆ ಮನೆಗೆ ಹಿಂದಿರುಗಲಾಗಿಲ್ಲ. ಗಾಳಿಯಿಂದ ಕರೆಂಟ್ ಬರಲಿ ಅಂತ ಅವನೇ ಊರಿನ ಸಭೆಯಲ್ಲಿ ಕೈ ಎತ್ತಿದ್ದನಂತೆ.

ಎರಡನೇ ದಿನ ಮೂರು ಗಂಟೆಗೆ ಶೈಲಜಾ ಹಾಳೆ ಚೀಲಕ್ಕೆ ಸೇರಿಸಿದಳು. ಕುರ್ಚಿ ಮಡಚುತ್ತಿದ್ದೆವು. ಮೂರೂ ಇಪ್ಪತ್ತು. ಆಗ ಬಂತು. ಕಾಲಲ್ಲಿ ನನ್ನ ತೋಳುದ್ದದ ಹಸಿ ಕೊಂಬೆ. ಅವಸರವೇ ಇಲ್ಲ, ಏಣಿನ ಉತ್ತರದ ತುದಿ ದಾಟಿ ಬಂಡೆಯ ಸಂದಿನೊಳಗೆ ಇಳಿಯಿತು. ಹತ್ತು ನಿಮಿಷದಲ್ಲಿ ಖಾಲಿ ಕಾಲಲ್ಲಿ ಹೊರಗೆ ಬಂತು. ಕೊಂಬೆ ಹೊತ್ತು ಒಳಗೆ ಹೋಗಿ ಖಾಲಿ ಹೊರಗೆ ಬಂದರೆ ಏನರ್ಥ ಅಂತ ಕಂಬ ನೆಡುವವನಿಗೂ ಗೊತ್ತು. ಕುದೋ ಸಾನ್ ತನ್ನ ಗಡಿಯಾರ ನೋಡಿಕೊಂಡ, ಆಮೇಲೆ ನನ್ನ ಮಗಳನ್ನು ನೋಡಿದ. ಅವಳು ಏನೋ ಮೆಲ್ಲಗೆ ಹೇಳಿದಳು. ಅವನು ತಲೆ ಬಾಗಿಸಿ ಕುರ್ಚಿ ಎತ್ತಿಕೊಂಡ.

ಕಾರಿನಲ್ಲಿ ನಾನು ಕೇಳಿದೆ. ಅವಳು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು: "ಟೈಮ್ ಮುಗಿದಿತ್ತು ಅಪ್ಪ. ಮೂರು ಗಂಟೆ ಆದ್ಮೇಲೆ ಕಂಡಿದ್ದು ಶೀಟ್‌ನಲ್ಲಿ ಬರಲ್ಲ. ಅದು ಪ್ರೊಟೋಕಾಲ್."

ಲಿಂಗರಾಜು, ನಾನು ಮೂವತ್ನಾಲ್ಕು ವರ್ಷ ಫಾರಂ ತುಂಬಿದವನು. ಯಾವ ದೇಶದ ಫಾರಂ ಆದರೂ ಕೊನೆಯಲ್ಲೊಂದು ಶರಾ ಕಾಲಂ ಇರುತ್ತದೆ. ಆ ಹಾಳೆಯಲ್ಲೂ ಇತ್ತು. ಖಾಲಿ ಇತ್ತು.

ಈಗ ವರದಿ ಹೊರಗೆ ಬಂದಿದೆ. ಗೂಡು ಕಟ್ಟುವ ಲಕ್ಷಣ ಕಂಡುಬಂದಿಲ್ಲ ಅಂತ ಒಂದು ಸಾಲು ಇದೆಯಂತೆ. ಅದನ್ನು ಅವಳೇ ಓದಿ ಹೇಳಿದಳು, ಓದಿ ಎದ್ದು ಹೋಗಿ ಕುಕ್ಕರ್ ಇಟ್ಟಳು. ಈ ದೇಶದ ಪದ್ಧತಿ ಹೀಗೆ: ವರದಿಯನ್ನು ಒಂದು ತಿಂಗಳು ಜನರ ಮುಂದೆ ಇಡುತ್ತಾರೆ, ಯಾರು ಬೇಕಾದರೂ ಅಭಿಪ್ರಾಯ ಬರೆದು ಕಳಿಸಬಹುದು. ಆ ಊರಿನವರೇ ಆಗಬೇಕಿಲ್ಲ, ಈ ದೇಶದವರೂ ಆಗಬೇಕಿಲ್ಲ. ಜಪಾನಿಯಲ್ಲಿರಬೇಕು, ಹೆಸರು ವಿಳಾಸ ಇರಬೇಕು, ಅಷ್ಟೇ. ವಿಳಾಸ ಇಲ್ಲದಿದ್ದರೆ ಎಣಿಕೆಗಿಲ್ಲ. ಕೊನೆಯ ದಿನ ನಾಳೆ, ಅಂಚೆ ಮುದ್ರೆ ನಾಳೆಯದಿದ್ದರೂ ನಡೆಯುತ್ತದೆ.

ಒಂದು ವಾರದಿಂದ ಅವಳು ಆಫೀಸಿಗೆ ಹೋದಾಗಲೆಲ್ಲ ಕೂತು ಬರೆದಿದ್ದೇನೆ. ಮೊದಲು ನನ್ನ ಇಂಗ್ಲಿಷಿನಲ್ಲಿ. ನಮ್ಮ ಕಾಲೇಜಿನ ಮೇಷ್ಟರು ಕಲಿಸಿದ ಲೀವ್ ಲೆಟರ್ ಬಿಟ್ಟು ಬೇರೇನೂ ನೆನಪಿಗೆ ಬರಲಿಲ್ಲ. ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ದಟ್ ಅಂತ ಶುರುಮಾಡಿ, ಐ ಆಮ್ ನಾಟ್ ಅಗೇನ್ಸ್ಟ್ ವಿಂಡ್ ಅಂದೆ. ಹತ್ತು ಯಂತ್ರಕ್ಕೆ ನನ್ನ ತಕರಾರಿಲ್ಲ, ಉತ್ತರ ತುದಿಯ ನಾಲ್ಕನ್ನು ಕೈಂಡ್ಲಿ ಬೇರೆ ಕಡೆ ಹಾಕಿ ಅಂದೆ. ದಿನಾಂಕ, ಗಂಟೆ, ಕೊಂಬೆ, ಬಂಡೆಯ ಸಂದು, ಎಲ್ಲ ಬರೆದೆ. ಫೋನು ಅದನ್ನು ಜಪಾನಿ ಮಾಡಿಕೊಟ್ಟಿತು. ನಾನು ನಕಲು ಮಾಡಿದೆ. ನನಗೆ ಅದು ಅಕ್ಷರವೇ ಅಲ್ಲ, ಸರ್ವೆ ನಕಾಶೆ ಎಳೆದ ಹಾಗೆ ಗೆರೆಗೆ ಗೆರೆ ಕೂರಿಸಿದೆ. ಕವರಿಗೆ ಹಾಕಿದ್ದೇನೆ, ಅಂಟಿಸಿಲ್ಲ. ನನ್ನ ಅಂಗಿಗಳ ಕೆಳಗಿದೆ.

ಅಂಟಿಸದೆ ಇರುವುದಕ್ಕೆ ಕಾರಣ ಒಂದೇ. ಬಂದ ಅಭಿಪ್ರಾಯವೆಲ್ಲ ಶೈಲಜಾಳ ಆಫೀಸಿಗೇ ಹೋಗುತ್ತದೆ. ಒಂದೊಂದಕ್ಕೂ ಅವರು ಉತ್ತರ ಬರೆಯಬೇಕು. ಈ ಊರಿನಲ್ಲಿ ನನ್ನ ವಿಳಾಸ ಅಂದರೆ ಅವಳ ವಿಳಾಸ. ಅವಳ ಮೇಲಧಿಕಾರಿ ಹಮಾದಾ ಸಾನ್ ಅದನ್ನು ನೋಡಿದ ಮರುಗಳಿಗೆಯೇ ಇದು ಯಾರ ಅಪ್ಪ ಅಂತ ತಿಳಿಯುತ್ತದೆ. ಜೂನಿನಲ್ಲಿ ಅವಳ ಕಾಂಟ್ರ್ಯಾಕ್ಟ್ ನವೀಕರಣ. ಅದು ಹೋದರೆ ವೀಸಾ ಹೋಗುತ್ತದೆ. ಹನ್ನೊಂದು ವರ್ಷ ಇಲ್ಲಿ ಒಬ್ಬಳೇ ನಿಂತು ಕಟ್ಟಿಕೊಂಡ ಬದುಕು, ಲಿಂಗರಾಜು. ಮದುವೆ ವಿಷಯ ಕೇಳಬೇಡ ಅಂತ ಮೊದಲೇ ಹೇಳಿದ್ದೇನೆ.

ಅವಳು ಸುಳ್ಳುಗಾತಿ ಅಲ್ಲ. ನಿಜವಾಗಿ ನಂಬಿದ್ದಾಳೆ. ಹೋದ ಭಾನುವಾರ ನಾನು ಸುತ್ತಿಬಳಸಿ ಆ ನಾಲ್ಕು ಯಂತ್ರದ ಮಾತು ತೆಗೆದೆ. ಹುಳಿ ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟಳು.

"ನಾಲ್ಕು ತೆಗೆದ್ರೆ ಪ್ರಾಜೆಕ್ಟೇ ಬಿದ್ದೋಗುತ್ತೆ. ಆಮೇಲೆ ಅದೇ ಕರೆಂಟ್‌ಗೆ ಎಲ್ಲೋ ಕಲ್ಲಿದ್ದಲು ಸುಡ್ತಾರೆ. ಒಂದು ಜೋಡಿ ಹಕ್ಕಿಗೆ ಎಷ್ಟು ಕಲ್ಲಿದ್ದಲು ಸುಡೋಣ, ನೀವೇ ಹೇಳಿ ಅಪ್ಪ. ಮನೆಮನೆಗೆ ಲೈಟ್ ಹಾಕಿಸ್ದೆ ಅಂತ ಎಷ್ಟು ಸಲ ಹೇಳ್ಕೊಂಡಿಲ್ಲ ನೀವು?"

ನಾನೇ ಸೌಟು ಎತ್ತಿ ಹುಳಿ ಬಡಿಸಿಕೊಂಡೆ. ಅವಳು ಹೇಳಿದ್ದು ಸರಿ. ನಾನು ಕಂಡದ್ದೂ ಸರಿ. ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಂಡು ನದಿಯ ದಂಡೆಯಲ್ಲಿ ತಿರುಗುತ್ತಿದ್ದೇನೆ.

ಇನ್ನೊಂದು ಇದೆ, ಇದನ್ನು ಎದುರಿಗೆ ಹೇಳುವ ಧೈರ್ಯ ಮೂವತ್ತು ವರ್ಷ ಬರಲಿಲ್ಲ. ಹುಣಸೂರಿನಾಚೆ ನಾವು ಲೈನು ಎಳೆದಾಗ ನೀನು ಒಂದು ಮತ್ತಿ ಮರ ತೋರಿಸಿದ್ದೆ. ಅದರ ಮೇಲೆ ರಣಹದ್ದಿನ ಗೂಡು ಮೂರಿತ್ತು. ಕಡಿಯಬೇಡ, ಲೈನು ಸ್ವಲ್ಪ ತಿರುಗಿಸು ಅಂದಿದ್ದೆ. ಸರ್ವೆ ಹಾಳೆಯಲ್ಲಿ ಅದನ್ನು ಒಣಮರ ಅಂತ ಯಾರೋ ಬರೆದರು ಅಂತ ನೀನು ನಮ್ಮ ಇಲಾಖೆಯನ್ನೆಲ್ಲ ಬೈದೆ. ಬರೆದವನು ನಾನು. ತಿರುಗಿಸಿದರೆ ಎರಡು ಕಂಬ ಹೆಚ್ಚು ಬೇಕಿತ್ತು, ಆಚೆ ಹಾಡಿಯ ಜನ ದೀಪಕ್ಕೆ ಕಾದಿದ್ದರು, ಮಳೆಗಾಲ ಬರುತ್ತಿತ್ತು. ಕಾರಣಗಳು ಒಳ್ಳೆಯವೇ. ಆಮೇಲೆ ರಣಹದ್ದುಗಳೇ ಮಾಯವಾದವು, ಅದು ಬೇರೆ ಕಾರಣಕ್ಕೆ ಅಂತ ನೀನೇ ಹೇಳಿದ್ದೆ. ಆದರೂ ಆ ಮರ ಹಸಿ ಇತ್ತು. ಗರಗಸ ಹಾಕಿದಾಗ ನೀರು ಜಿನುಗಿತು, ನಾನು ನೋಡಿದ್ದೇನೆ.

ಮಗಳು ಆ ಶರಾ ಕಾಲಂ ಖಾಲಿ ಬಿಟ್ಟಾಗ ಅವಳ ಕೈ ಯಾರ ಕೈ ಅಂತ ನನಗೆ ಗೊತ್ತಾಯಿತು. ಅದಕ್ಕೇ ಬೈಯಲಾಗಲಿಲ್ಲ, ಅದಕ್ಕೇ ಸುಮ್ಮನಿರಲೂ ಆಗುತ್ತಿಲ್ಲ. ನೀನಾಗಿದ್ದರೆ ಏನು ಮಾಡುತ್ತಿದ್ದೆ? ಹಕ್ಕಿಯ ಪರ ಅಂತ ಥಟ್ಟನೆ ಹೇಳಬೇಡ. ನಿನ್ನ ಮಗಳು ಅಂದುಕೊಂಡು ಹೇಳು.

ಬರೆಯುತ್ತ ಬರೆಯುತ್ತ ಗೆರೆ ಕಾಣುತ್ತಿಲ್ಲ. ಎದುರು ಕಟ್ಟಡದ ಕಿಟಕಿಗಳಲ್ಲಿ ಆಗಲೇ ದೀಪ. ಬೆಳಕು ಹೋಗುತ್ತಿದೆ ಮಾರಾಯ, ಅವಳ ರೈಲು ಬರುವ ಹೊತ್ತು. ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ಬೈಗುಳಕ್ಕೆ ಕಾದಿರುವ,
ರಾಮಪ್ರಸಾದ

ತಾ.ಕ.: ಶುಕ್ರವಾರ ಬೆಳಿಗ್ಗೆ. ಮೇಲೆ ಒಂದು ವಿಷಯ ಮುಚ್ಚಿಟ್ಟಿದ್ದೆ. ಆ ಅಭಿಪ್ರಾಯದ ಕಾಗದದಲ್ಲಿ ನಮ್ಮ ಮನೆ ನಂಬರ್ ಐನೂರ ನಾಲ್ಕರ ಬದಲು ನಾನೂರ ಐದು ಅಂತ ಬರೆದಿದ್ದೆ. ಬೇಕೆಂದೇ. ಆ ಮನೆ ಖಾಲಿ. ಕಳಿಸಿದ ಹಾಗೂ ಆಗಲಿ, ಅವಳಿಗೆ ತಟ್ಟದ ಹಾಗೂ ಆಗಲಿ ಅಂತ. ಬೆಳಿಗ್ಗೆ ಅಂಗಿ ಇಸ್ತ್ರಿಗೆ ತೆಗೆಯುತ್ತ ಶೈಲಜಾ ಕವರ್ ನೋಡಿದಳು. ನಿಂತಲ್ಲೇ ಓದಿದಳು, ಎರಡು ಸಲ. ನಾನು ಸ್ನಾನದ ಮನೆಯ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದೆ. "ರೂಮ್ ನಂಬರ್ ತಪ್ಪಿದೆ ಅಪ್ಪ. ಹೀಗಿದ್ರೆ ತಗೊಳ್ಳಲ್ಲ," ಅಂದಳು. ಇಲ್ಲಿ ಬಿಳಿ ಬಣ್ಣ ಬಳಿದು ತಿದ್ದುವ ಹಾಗಿಲ್ಲವಂತೆ. ತಪ್ಪಿನ ಮೇಲೆ ಎರಡು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಮೇಲೆ ಹೆಸರಿನ ಮೊಹರು ಒತ್ತಬೇಕು, ಇಲ್ಲಿ ಅದೇ ಸಹಿ. ನನ್ನ ಹತ್ತಿರ ಮೊಹರು ಎಲ್ಲಿದೆ? ಅವಳು ಗೆರೆ ಎಳೆದಳು, ಐನೂರ ನಾಲ್ಕು ಬರೆದಳು, ಆಫೀಸಿನ ಚೀಲದಿಂದ ತನ್ನ ಹೆಸರಿನ ಮೊಹರು ತೆಗೆದು ಒತ್ತಿದಳು. ಕೆಂಪು ಶಾಯಿ ಒಣಗುವವರೆಗೂ ಊದುತ್ತ ನಿಂತಿದ್ದಳು.